ಎದುರು ಕೂತವರ ಕೈ

ಇವತ್ತು ಮೊಮ್ಮಗಳು ಗೋರಂಟಿ ಸೊಪ್ಪನ್ನು ಮಿಕ್ಸಿಗೆ ಹಾಕಿದಳು. ಆ ಹಸಿ ವಾಸನೆ ಬಂದಿದ್ದೇ ತಡ, ನಾನು ಮತ್ತೆ ಹುಡುಗಿಯಾಗಿ ಶಿರಾದ ನಮ್ಮ ಪಕ್ಕದ ಮನೆಯ ಜಗುಲಿಗೆ ಹೋಗಿ ಕೂತಿದ್ದೆ.

ಅದು ಜೈಬುನ್ ಖಾಲಾ ಮನೆ; ಖಾಲಾ ಅಂದರೆ ಅವರ ಮಾತಲ್ಲಿ ಚಿಕ್ಕಮ್ಮ. ಮದುವೆ ಹೆಣ್ಣುಗಳಿಗೆ ತೆಂಗಿನ ಕಡ್ಡಿಯಲ್ಲಿ ಗೋರಂಟಿ ಬರೆಯುತ್ತಿದ್ದವರು ಅವರೇ. ಸೊಪ್ಪು ಅರೆಯುವ ಕೆಲಸ ನನ್ನದು. ನೋಡಿ ನೋಡಿ ನಾನೂ ಮಣಿಕಟ್ಟಿನಿಂದ ಬೆರಳ ತುದಿಗೆ ಹಬ್ಬುವ ಬಳ್ಳಿ ಬರೆಯಲು ಕಲಿತೆ, ನನ್ನ ಎಡಗೈ ಮೇಲೆ ಮಾತ್ರ. ಬೇರೆಯವರ ಕೈ ಹಿಡಿಯಲು ಭಯ.

ಖಾಲಾ ಮಗಳು ನೂರಿಯ ಮದುವೆಯ ಹಿಂದಿನ ದಿನ ಖಾಲಾ ಕಡ್ಡಿಯನ್ನು ನನ್ನ ಕೈಗಿಟ್ಟರು.

"ನಿನ್ ಕೈ ಮ್ಯಾಲೇ ಎಷ್ಟ್ ದಿನಾಂತ ಬರೀತೀಯ ಬೇಟಾ? ಇವಳದ್ದು ಒಂದ್ ಕೈ ನಿಂದು, ಇನ್ನೊಂದು ನಂದು."

ನೂರಿ ಎದುರು ಕೂತು ಕೈ ಚಾಚಿದಳು. ನಾನು ಅಭ್ಯಾಸದಂತೆ ನನ್ನ ಕಡೆಯಿಂದ ಆಚೆಗೆ ಬಳ್ಳಿ ಎಳೆದೆ. ಮುಗಿಸಿ ನೋಡಿದರೆ ಬಳ್ಳಿ ಅವಳ ಬೆರಳ ತುದಿಯಲ್ಲಿ ಹುಟ್ಟಿ ಮಣಿಕಟ್ಟಿನಲ್ಲಿ ಹೂ ಬಿಟ್ಟಿತ್ತು. ಪೂರಾ ತಲೆಕೆಳಗು! ಒರೆಸಲು ಲಂಗದ ಅಂಚು ಎತ್ತಿದೆ. ಖಾಲಾ ತಡೆದರು.

"ಮುಟ್ಬ್ಯಾಡ ಕಣಮ್ಮ. ಆಗ್ಲೇ ಕೆಂಪು ಹತ್ತಿರ್ತದೆ, ಒರೆಸಿದ್ರೆ ಇನ್ನೂ ಕೆಡ್ತದೆ."

"ಅಮ್ಮೀ, ಯಾರಾದ್ರೂ ಕೇಳಿದ್ರೆ?" ನೂರಿಗೆ ಅಳುವೇ ಬಂದಿತ್ತು.

"ಹೊಸಾ ನಮೂನೆ ಅನ್ನು."

ಅಷ್ಟು ಹೇಳಿ ಖಾಲಾ ಅವಳ ಇನ್ನೊಂದು ಕೈ ಎಳೆದುಕೊಂಡು, ಬೆರಳ ತುದಿಯಿಂದಲೇ ಬಳ್ಳಿ ಶುರು ಮಾಡಿದರು. ತಮ್ಮ ಮಗಳ ಕೈಯ ಮೇಲೆ, ನನ್ನ ತಪ್ಪನ್ನೇ ನೋಡಿಕೊಂಡು ಬರೆದರು.

ಮಿಕ್ಸಿ ನಿಂತಿತು. ಮೊಮ್ಮಗಳು ತನ್ನ ಎಡಗೈಯನ್ನೇ ಮುಂದಿಟ್ಟುಕೊಂಡು ಬರೆಯಲು ಕೂತಳು. ನಾನು ಹೋಗಿ ಎದುರಿಗೆ ಕೂತು, ನನ್ನ ಸುಕ್ಕುಗಟ್ಟಿದ ಕೈ ಚಾಚಿದೆ.