ತಪಾಸಣೆಯ ದಿನ ಮಾತ್ರ ತೆರೆಯುವ ಬಾಗಿಲು

ನಗರಸಭೆಯ ಎದುರಿಗಿರುವ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಕೂತವನಿಗೆ ಎರಡು ವಿದ್ಯೆ ತಾವಾಗಿಯೇ ಹತ್ತುತ್ತವೆ. ಒಂದು, ಬೇರೆಯವರ ಅರ್ಜಿ ತುಂಬುವುದು. ಇನ್ನೊಂದು, ಅರ್ಜಿ ಹಿಡಿದು ಬಂದವರ ದನಿ ಹಿಡಿಯುವುದು. ಮೊದಲನೆಯದು ನನ್ನ ಕೆಲಸ, ಎರಡನೆಯದು ನನ್ನ ಕಾಯಿಲೆ. ಕುಂತೂರಿನ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಆಡುವ ಮಾತು, ಹನೂರು ಬಸ್ಸಿನ ಕಂಡಕ್ಟರ್ ‘ಅಜ್ಜೀಪುರ’ವನ್ನು ಮೂಗಿನಲ್ಲಿ ಎಳೆಯುವ ರೀತಿ, ಎಲ್ಲ ನನ್ನ ಗಂಟಲಲ್ಲಿವೆ. ಇಷ್ಟು ಜನರ ನಡುವೆ ನನ್ನದೇ ದನಿ ಯಾವುದು ಅಂತ ನನಗೇ ಅನುಮಾನ.

ನಮ್ಮ ಮನೆಯಲ್ಲೇ ಇರುವ ಚಿಕ್ಕವ್ವ ಒಮ್ಮೆ ಹೇಳಿದ್ದಳು: “ನಿನ್ ಎದ್ರುಗೆ ಅಳಕೂ ಭಯ ಕಣ್ಲಾ. ಸಂಜೆಗೆ ಅದ್ನೂ ಆಡಿ ತೋರಿಸ್ತೀಯ.”

ಚಿಕ್ಕವ್ವ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಾಳೆ. ಉದ್ದನೆಯ ಶೆಡ್ಡು. ಮುಂದಿನ ಬಾಗಿಲು ದಾಟಿದರೆ ಗೂಡು ಬೇಯಿಸುವ ಒಲೆ, ಪಕ್ಕದಲ್ಲಿ ಸೌದೆ ರಾಶಿ. ಅದರಾಚೆ ಬಿಸಿನೀರಿನ ಬೇಸಿನ್ನುಗಳ ಸಾಲು, ಅಲ್ಲಿ ಹೆಂಗಸರು. ಕೊನೆಯ ಗೋಡೆಯಲ್ಲಿ ಹಿಂದಿನ ಓಣಿಗೆ ತೆರೆಯುವ ಇನ್ನೊಂದು ಬಾಗಿಲು. ತೆರೆಯುವ ಅಂದೆ, ತಪ್ಪಾಯಿತು. ಅದಕ್ಕೆ ಹೊರಗಡೆಯಿಂದ ಬೀಗ. ಬೀಗದ ಕೈ ಮಾಲೀಕರಾದ ಸಾವ್ಕಾರರ ಉಡಿದಾರದಲ್ಲಿ. ಹೆಂಗಸರು ಸೀರೆಯ ನೆರಿಗೆಯಲ್ಲಿ ನೂಲು ಸುತ್ತಿಕೊಂಡು ಆ ಬಾಗಿಲಿನಿಂದ ಸಾಗಿಸುತ್ತಾರೆ ಅನ್ನುವುದು ಅವರ ಗುಮಾನಿ. ಸಾಗಿಸಿದ್ದನ್ನು ನೋಡಿದವರು ಯಾರೂ ಇಲ್ಲ. ನೋಡಿಲ್ಲದ್ದರಿಂದಲೇ ಗುಮಾನಿ ಇನ್ನೂ ಗಟ್ಟಿ.

ವರ್ಷಕ್ಕೆ ಒಂದು ದಿನ ಬೀಗ ಕಳಚುತ್ತಿತ್ತು. ಪರವಾನಗಿ ನವೀಕರಣಕ್ಕೆ ಮುಂಚೆ ಹೆಲ್ತ್ ಇನ್ಸ್‌ಪೆಕ್ಟರು ಜಾಗ ನೋಡಬೇಕು: ಗಾಳಿ, ಬೆಳಕು, ಹೊಗೆ, ಚರಂಡಿ, ಜನ ಹೊರಗೆ ಹೋಗುವ ದಾರಿ. ಮಾಲೀಕರು ಜಾಗದಲ್ಲಿರಲಿ ಅಂತ ಅವರು ಹಿಂದಿನ ದಿನ ಫೋನು ಮಾಡುತ್ತಾರೆ. ಮಾರನೆಯ ಬೆಳಗ್ಗೆ ಸಾವ್ಕಾರರು ಬೀಗ ತೆಗೆಸಿ, ಹೊಸ್ತಿಲು ತೊಳೆಸಿ, ರಂಗೋಲಿ ಹಾಕಿಸಿ, ‘ಹೊರ ಹೋಗುವ ದಾರಿ’ ಅಂತ ಕೆಂಪಕ್ಷರದ ಬೋರ್ಡು ನೇತುಹಾಕಿಸುತ್ತಿದ್ದರು. ಇನ್ಸ್‌ಪೆಕ್ಟರ ಸ್ಕೂಟರು ಓಣಿ ದಾಟುವಷ್ಟರಲ್ಲಿ ಬೋರ್ಡು ಒಳಗೆ, ಬೀಗ ಹೊರಗೆ. ಹೆಂಗಸರು ಆ ದಿನಕ್ಕೆ ‘ಬಾಗ್ಲಬ್ಬ’ ಅಂತ ಹೆಸರಿಟ್ಟಿದ್ದರು.

ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಚಿಕ್ಕವ್ವ ಒಂದು ಸಂಜೆ ಸೆರಗು ಕರಕಲು ಮಾಡಿಕೊಂಡು ಬರುವವರೆಗೆ.

“ಏನಾಯ್ತು ಚಿಕ್ಕವ್ವ?”

“ಏನಿಲ್ಲ. ಒಲೆ ಕಿಡಿ.”

“ಕಿಡಿಗೆ ಇಷ್ಟೊಂದು ಸುಟ್ಟದಾ?”

ಅವಳು ನನ್ನ ಮುಖವನ್ನೇ ನೋಡಿದಳು. ಇವನು ಇದನ್ನು ಎಲ್ಲಿ ಆಡಿ ತೋರಿಸುತ್ತಾನೋ ಅನ್ನುವ ನೋಟ. ಆಮೇಲೆ ಹೇಳಿದಳು. ಸೌದೆ ರಾಶಿ ಹತ್ತಿಕೊಂಡಿದೆ. ಮುಂದಿನ ಬಾಗಿಲಿಗೆ ಹೋಗಬೇಕಾದರೆ ಬೆಂಕಿಯನ್ನೇ ದಾಟಬೇಕು. ಹೆಂಗಸರೆಲ್ಲ ಹಿಂದಿನ ಬಾಗಿಲಿಗೆ ಓಡಿದ್ದಾರೆ, ಗುದ್ದಿದ್ದಾರೆ. ಸಾವ್ಕಾರರು ಗೂಡಿನ ಮಾರುಕಟ್ಟೆಯಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಕೊನೆಗೆ ಬೇಸಿನ್ನಿನ ಬಿಸಿನೀರನ್ನೇ ಮೊಗೆಮೊಗೆದು ಎರಚಿ ಆರಿಸಿದ್ದಾರೆ.

“ಯಾರ್ಗೂ ಏಳ್ಬ್ಯಾಡ ಕಣಪ್ಪ. ಕೆಲ್ಸ ಓಯ್ತದೆ.”

ಆ ರಾತ್ರಿ ಊಟ ಸೇರಲಿಲ್ಲ. ಯಾಕೆಂದರೆ ಆ ಫಿಲೇಚರಿನ ಅರ್ಜಿ ತುಂಬಿದವನು ನಾನೇ. ‘ತುರ್ತು ಸಮಯದಲ್ಲಿ ಹೊರ ಹೋಗಲು ಎರಡನೇ ದಾರಿ ಇದೆಯೇ?’ ಅನ್ನುವ ಪ್ರಶ್ನೆಗೆ ಸಾವ್ಕಾರರು ‘ಉಂ’ ಅಂದಿದ್ದರು, ನಾನು ‘ಇದೆ’ಗೆ ಟಿಕ್ ಹಾಕಿದ್ದೆ. ನನ್ನ ಟಿಕ್ಕುಗಳು ಬಹಳ ಅಂದವಾಗಿರುತ್ತವೆ. ಎಲ್ಲರೂ ಹೊಗಳುತ್ತಾರೆ.

ದೂರು ಕೊಡುವ ಧೈರ್ಯ ನನಗಿರಲಿಲ್ಲ. ದೂರು ಕೊಟ್ಟವನ ಹೆಸರು ಕಚೇರಿಯ ಮೆಟ್ಟಿಲು ಇಳಿಯುವ ಮುಂಚೆಯೇ ಊರೆಲ್ಲ ಸುತ್ತಿ ಬರುತ್ತದೆ ಅನ್ನುವುದು ನನ್ನ ಗುಮಾನಿ. ಇನ್ಸ್‌ಪೆಕ್ಟರ ಮೇಲೂ ನಂಬಿಕೆ ಇರಲಿಲ್ಲ. ಮುಂಚೆಯೇ ಫೋನು ಮಾಡಿ ಬರುವವರು ನೋಡುವುದಕ್ಕೆ ಬರುತ್ತಾರೋ, ನೋಡದೆ ಇರುವುದಕ್ಕೋ?

ಆದರೆ ಅವರ ದನಿ ನನ್ನ ಹತ್ತಿರ ಇತ್ತು. ಮಾತಿಗೆ ಮುಂಚೆ ಒಂದು ಗೊರಗೊರ ಕೆಮ್ಮು, ಮಾತಿನ ಕೊನೆಗೆ “ಗೊತ್ತಾಯ್ತೇನ್ರೀ?” ಸಾಲದ್ದಕ್ಕೆ ಅವರ ಮೊಬೈಲಿನಲ್ಲಿ ಚಾರ್ಜು ಎಂದೂ ಇರುತ್ತಿರಲಿಲ್ಲ, ಅವರು ಫೋನು ಮಾಡುತ್ತಿದ್ದದ್ದೇ ನಮ್ಮ ಅಂಗಡಿಯ ಫೋನಿನಿಂದ. ಮಾರನೆಯ ದಿನ ಅಂಗಡಿ ಖಾಲಿಯಾದಾಗ ಸಾವ್ಕಾರರ ನಂಬರು ಒತ್ತಿ ಕೆಮ್ಮಿದೆ.

“ನಾಳೆ ತಪಾಸಣೆ ಇದೆ. ಗೊತ್ತಾಯ್ತೇನ್ರೀ?”

“ಬನ್ನಿ ಸಾ, ಬನ್ನಿ.”

ಮಾರನೆಯ ದಿನ ಬಾಗಿಲು ತೆರೆಯಿತು. ರಂಗೋಲಿಯೂ ಬಿತ್ತು. ಯಾರೂ ಬರಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೆಮ್ಮಿದೆ, ಮತ್ತೆ ತೆರೆಯಿತು. ಮೂರನೆಯ ಸಲ ಚಿಕ್ಕವ್ವ ಮನೆಗೆ ಬಂದವಳೇ ನನ್ನ ಕಿವಿ ಹಿಡಿದಳು. “ಇದೇನ್ಲಾ ಈ ವರ್ಸ ಇಷ್ಟೊಂದು ಬಾಗ್ಲಬ್ಬ? ಒಂದ್ಸಲ ಕೆಮ್ಮು ನೋಡಣ.” ನಾನು ಕೆಮ್ಮಲಿಲ್ಲ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

ಸಾವ್ಕಾರರೂ ದಡ್ಡರಲ್ಲ. ಮೂರು ಸಲ ರಂಗೋಲಿ ದಂಡವಾದ ಮೇಲೆ ಅಂಗಡಿಗೆ ಬಂದು, ಜೆರಾಕ್ಸ್ ಏನೂ ಮಾಡಿಸದೆ, ಫೋನನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಹೋದರು.

ಅದಾಗಿ ಒಂದು ವಾರಕ್ಕೆ ನಿಜವಾದ ಇನ್ಸ್‌ಪೆಕ್ಟರು ಬಂದು ಟೀ ಹೀರುತ್ತಾ ನಮ್ಮ ಫೋನು ಎಳೆದುಕೊಂಡರು. ಒತ್ತಿದ್ದು ಸಾವ್ಕಾರರ ನಂಬರು. ಅವರು ಕೆಮ್ಮಿದರು.

“ನಾಳೆ ತಪಾಸಣೆ ಇದೆ. ಗೊತ್ತಾಯ್ತೇನ್ರೀ?”

ಸಾವ್ಕಾರರ ಗಂಟಲು ದೊಡ್ಡದು. ಅಂಗಡಿಯ ಬಾಗಿಲವರೆಗೂ ಕೇಳಿಸಿತು: “ಬಂದ್ಯಾ ಕೋತಿ ನನ್ ಮಗ್ನೇ!”

“ರೀ, ನಾನು ಹೆಲ್ತ್ ಇನ್ಸ್‌ಪೆಕ್ಟರು ಮಾತಾಡ್ತಿರೋದು.”

“ಓಹೋ, ಇನ್‌ಸ್ಪೆಟ್ರು! ಇವತ್ತು ಕೆಮ್ಮು ಸರ್ಯಾಗ್ ಬಂದಿಲ್ಲ ಕಣ್ಲಾ, ಇನ್ನೊಂದ್ಸಲ ಕೆಮ್ಮು. ಬಾಗ್ಲು ಮಾತ್ರ ತೆಗ್ಯಲ್ಲ ತಿಳ್ಕ. ವರ್ಸಕ್ ಒಂದಿನ ಬೀಗ ತೆಗ್ಯದೇ ಎಚ್ಚು. ಅದೇನ್ ಕಿತ್ಕತೀಯೋ ಕಿತ್ಕ ಓಗು!”

ಇನ್ಸ್‌ಪೆಕ್ಟರು ರಿಸೀವರನ್ನು ಮೊಟ್ಟೆಯೇನೋ ಅನ್ನುವ ಹಾಗೆ ಮೆಲ್ಲಗೆ ಇಟ್ಟರು. ನನ್ನನ್ನು ನೋಡಿದರು. ನಾನು ಸ್ಟೇಪ್ಲರ್ ಪಿನ್ನುಗಳನ್ನು ಜೋಡಿಸುತ್ತಿದ್ದೆ.

“ನನ್ನ ಕೆಮ್ಮು ನೀನು ಕೆಮ್ತೀಯೇನೋ?”

“ಅದು... ಗಂಟ್ಲು ಕೆಟ್ಟಿತ್ತು ಸಾ.”

“ಸ್ಕೂಟರು ಹತ್ತು.”

ಪೊಲೀಸ್ ಸ್ಟೇಷನ್ನಿಗೆ ಅಂದುಕೊಂಡೆ. ಅದು ಹಿಂದಾಯಿತು. ಸಾವ್ಕಾರರ ಕೈಗೆ ಒಪ್ಪಿಸುತ್ತಾರೆ ಅಂದುಕೊಂಡೆ. ಸ್ಕೂಟರು ಫಿಲೇಚರಿನ ಮುಂದೆಯೂ ನಿಲ್ಲದೆ ಹಿಂದಿನ ಓಣಿಗೆ ತಿರುಗಿತು. ಬಾಗಿಲಿಗೆ ಅಂಗೈಯಗಲದ ಬೀಗ. ಅವರು ತಟ್ಟಿದರು.

ಒಳಗಿನಿಂದ ಚಿಕ್ಕವ್ವನದೇ ದನಿ: “ಯಾರು? ಮುಂದ್ಗಡೆಯಿಂದ ಬನ್ನಿ. ಈ ಕಡೆಯಿಂದ ತೆಗ್ಯಕಾಗಲ್ಲ, ಬೀಗ ನಿಮ್ ಕಡೆ ಐತೆ.”

ಅವರು ನನ್ನ ಮೊಬೈಲು ಇಸಿದುಕೊಂಡು ಬೀಗದ ಫೋಟೋ ತೆಗೆದರು. ಮುಂದಿನ ಬಾಗಿಲಿನಿಂದ ಒಳಗೆ ಹೋದೆವು. ಸಾವ್ಕಾರರು ಮೊದಲು ನನ್ನನ್ನು ನೋಡಿ ಬಯ್ಯಲು ಬಾಯಿ ತೆರೆದರು, ಪಕ್ಕದಲ್ಲಿ ಅಸಲಿ ಇನ್ಸ್‌ಪೆಕ್ಟರನ್ನು ಕಂಡು ಅದೇ ಬಾಯಲ್ಲಿ “ಟೀ ತರ್ಸ್ಲಾ ಸಾ?” ಅಂದರು.

ಇನ್ಸ್‌ಪೆಕ್ಟರು ಅರ್ಜಿಯ ನಕಲು ತರಿಸಿ ಆ ಟಿಕ್ ಮೇಲೆ ಬೆರಳಿಟ್ಟರು. “ಇದು ಯಾರು ತುಂಬಿದ್ದು?”

“ಇವ್ನೇ ಸಾ, ಇವ್ನೇ!” ಸಾವ್ಕಾರರಿಗೆ ಜೀವ ಬಂತು.

“ಜಾಗ ನೋಡಿ ತುಂಬಿದ್ಯಾ?”

“ಇಲ್ಲ ಸಾ.” ಆ ದನಿ ನನ್ನದೇ ಇರಬೇಕು. ಬೇರೆ ಯಾರದೂ ಅಷ್ಟು ಸಣ್ಣಗೆ ಇಲ್ಲ.

“ಕೆಳಗಡೆ ಸಹಿ ಯಾರ್ದು ಸಾವ್ಕಾರ್ರೇ?”

ಸಾವ್ಕಾರರು ಸಹಿಯನ್ನು ಬೇರೆ ಯಾರದೋ ಅನ್ನುವ ಹಾಗೆ ಬಗ್ಗಿ ನೋಡಿದರು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಚಿಕ್ಕವ್ವನ ಕಡೆ ತಿರುಗಿದ್ದರು. “ಏನಮ್ಮಾ, ಆ ಬಾಗಿಲು ತೆಗೆದಿರ್ತದಾ?”

ಬೇಸಿನ್ನುಗಳ ಸಾಲಿನಲ್ಲಿ ಒಂದೊಂದೇ ಕೈ ನಿಂತಿತು. ಚಿಕ್ಕವ್ವ ಸಾವ್ಕಾರರನ್ನು ನೋಡಿದಳು, ನನ್ನನ್ನು ನೋಡಿದಳು. ನೀರಿನಲ್ಲಿ ನೆನೆದು ಬಿಳುಪೇರಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಅವಳು ‘ಉಂ’ ಅಂದುಬಿಡುತ್ತಾಳೆ ಅಂತಲೇ ನಾನು ನಂಬಿದ್ದೆ.

“ತೆಗ್ದಿರ್ತದೆ ಸಾ,” ಅಂದಳು. “ನೀವು ಬರಾ ದಿನ. ಸೌದೆ ಅತ್ಕಂಡ ದಿನ ನೀವು ಬಂದಿರ್ನಿಲ್ಲ.”

ಇನ್ಸ್‌ಪೆಕ್ಟರು ಕೆಮ್ಮಲಿಲ್ಲ. ಅವಳ ಸೆರಗಿನ ಕರಕಲು ಅಂಚು ನೋಡಿ, ಸಾವ್ಕಾರರ ಮುಂದೆ ಕೈ ಚಾಚಿದರು. ಸಾವ್ಕಾರರು ಗೋಡೆಗೆ ತಿರುಗಿ ಉಡಿದಾರದಿಂದ ಬೀಗದ ಕೈ ಬಿಚ್ಚಬೇಕಾಯಿತು. ಅರ್ಧ ಗಂಟೆಯಲ್ಲಿ ಬಡಗಿ ಬಂದು ಹೊರಗಿನ ಚಿಲಕವನ್ನೇ ಕಿತ್ತು, ಒಳಗಡೆಗೆ ಒಂದು ಅಗುಳಿ ಹಾಕಿದ. ಸೌದೆ ಶೆಡ್ಡಿನಿಂದ ಹೊರಗೆ ಹೋಗಬೇಕು, ಹೇಳದೆ ಬಂದು ಎರಡು ಸಲ ನೋಡುವವರೆಗೆ ಪರವಾನಗಿ ಇಲ್ಲ, ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಇನ್ಸ್‌ಪೆಕ್ಟರು ನೋಟಿಸು ಬರೆದರು. ಕೊನೆಯದನ್ನು ಬರೆಯುವ ಅಧಿಕಾರ ಅವರಿಗಿತ್ತೋ ಇಲ್ಲವೋ ನನಗೆ ಅನುಮಾನ. ಸಾವ್ಕಾರರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಂದು ಅನುಮಾನವೂ ಇದೆ. ಆವತ್ತು ಅವರು ಸ್ಕೂಟರು ಏರಿದ್ದು ಬಾಗಿಲಿನ ಸಲುವಾಗಿಯೋ, ಬಯ್ಗುಳದ ಸಲುವಾಗಿಯೋ? ಈಗಲೂ ಟೀ ಕುಡಿಯಲು ಬರುತ್ತಾರೆ. ಕೇಳಬೇಕು ಅಂದುಕೊಳ್ಳುತ್ತೇನೆ, ಸಕ್ಕರೆ ಎಷ್ಟು ಅಂತ ಕೇಳುತ್ತೇನೆ.

ಮಾರನೆಯ ದಿನ ಮಧ್ಯಾಹ್ನ ಓಣಿಗೆ ಹೋದೆ. ಬಾಗಿಲು ಪೂರಾ ತೆರೆದಿತ್ತು. ಹೊಸ್ತಿಲಿನಾಚೆ ಸ್ಟೂಲು ಹಾಕಿಕೊಂಡು ಸಾವ್ಕಾರರೇ ಕೂತಿದ್ದರು. ಬೀಗ ಹೋಯಿತು, ಕಣ್ಣು ಕೂತಿತು. ನೂಲು ಎಲ್ಲಿ ಹೊರಬೀಳುತ್ತದೋ ಅಂತ ಊಟಕ್ಕೆ ಹೋಗುವ ಹೆಂಗಸರ ಸೀರೆಯಂಚನ್ನೇ ನೋಡುತ್ತಿದ್ದರು.

“ದಾರಿಗೆ ಅಡ್ಡ ಕುಂತಿದ್ದೀರಲ್ಲ ಸಾವ್ಕಾರ್ರೇ,” ಅಂದೆ.

“ಮುಚ್ಕಂಡ್ ಓಗ್ಲಾ. ನಾನೇನ್ ಬೀಗಾನಾ?”

ಚಿಕ್ಕವ್ವನನ್ನು ಓಣಿಯ ನೆರಳಿಗೆ ಕರೆದು ಪಿಸುಗುಟ್ಟಿದೆ: “ಇವ್ರು ಇಂಗೇ ಕುಂತಿದ್ರೆ ನೀವು ಓಡಾದೆಂಗೆ?”

ಅವಳು ಮುದ್ದೆ ಮುರಿಯುತ್ತಾ ಅವರನ್ನು ಒಮ್ಮೆ ಅಳೆದಳು. “ಕುಂತಿರ್ಲಿ ಬುಡು. ಬೆಂಕಿ ಅಂದ್ರೆ ಮೊದ್ಲು ಓಡಾನೇ ಆವಯ್ಯ. ಅವನ್ ಇಂದಿಂದ್ಲೇ ನಾವು ಓಡದು.”