ಶಾಂತಕ್ಕ ಎತ್ತಿ ಕುಡಿದ ವೈನು

ಇವತ್ತು ಯುಗಾದಿಯ ಮರುದಿನ. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ವೈನಿನ ಬಾಟಲಿ ನಿಂತಿದೆ. ಗಾಬರಿಯಾಗಬೇಡಿ, ಒಳಗಿರುವುದು ಹೋಳಿಗೆಯ ಕಟ್ಟಿನ ಸಾರು. ಓಣಿಯ ಕೊನೆಯ ಮನೆಯ ಶಾಂತಕ್ಕ ನಿನ್ನೆ ಮಾಡಿ, ಆರಿಸಿ, ಬಾಟಲಿಗೆ ತುಂಬಿ ತಂದುಕೊಟ್ಟದ್ದು. ಮುಚ್ಚಳ ತಿರುವಿದರೆ ಬೆಲ್ಲ, ಹುಣಸೆ, ಮಸಾಲೆಯ ವಾಸನೆ ಬರುತ್ತದೆ. ಆದರೆ ಹೊರಗಿನ ಲೇಬಲ್ಲಿನ ಮೇಲೆ ದ್ರಾಕ್ಷಿಯ ಗೊಂಚಲು, ಅದರ ಕೆಳಗೆ ಬಂಗಾರದ ಬಣ್ಣದ ಅಕ್ಷರ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ‘ಮದ್ಯಪಾನದ ಕೆಡುಕುಗಳು’ ಎಂಬ ಪ್ರಬಂಧವನ್ನು ಎಷ್ಟು ಮಕ್ಕಳಿಂದ ಬರೆಸಿದೆನೋ ಲೆಕ್ಕವಿಲ್ಲ. ಈಗ ನೋಡಿ, ನನ್ನ ದೇವರ ಜಗಲಿಗೆ ಎದುರಾಗಿಯೇ ಇದು ನಿಂತಿದೆ.

ಮೊದಲು ಶಾಂತಕ್ಕನ ಮನೆಯಿಂದ ಬರುತ್ತಿದ್ದ ಬಾಟಲಿಗಳಿಗೆ ಲೇಬಲ್ ಇರುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆಹಾಕಿ, ಉಗುರಿನಿಂದ ಕೆರೆದು, ತಂತಿಬ್ರಷ್ಷಿನಿಂದ ತಿಕ್ಕಿ ಅವಳು ಅದರ ಗುರುತನ್ನೇ ಅಳಿಸುತ್ತಿದ್ದಳು. ಮೇಲೆ ಹಳೆಯ ಪೇಪರು ಬೇರೆ ಸುತ್ತುತ್ತಿದ್ದಳು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿಲ್ಲವಷ್ಟೆ. ನಾನು ಅದಕ್ಕೆ ಮಜ್ಜಿಗೆಯನ್ನೋ ಶೇಂಗಾ ಎಣ್ಣೆಯನ್ನೋ ತುಂಬಿ, ಅದೇ ಪೇಪರು ಸುತ್ತಿ ಹಿಂದಿರುಗಿಸುತ್ತಿದ್ದೆ. ಹೀಗೆ ಎರಡು ಮನೆಗಳ ನಡುವೆ ಒಂದು ಬಾಟಲಿ ಮುಸುಕು ಹಾಕಿಕೊಂಡು ಓಡಾಡಿಕೊಂಡಿತ್ತು.

ನಮ್ಮ ಬಡಾವಣೆ ಜಲನಗರದ ಮಾನ ಅಂಥದು. ಇಲ್ಲಿ ಪೇಪರಿನಲ್ಲಿ ಸುತ್ತಿಕೊಂಡು ಬಂದರೆ ಎಲ್ಲವೂ ಸಭ್ಯ. ಸಂಜೆ ಸ್ಕೂಟರಿನ ಡಿಕ್ಕಿಯಲ್ಲಿ ಯಾರ ಯಾರ ಮನೆಗೆ ಏನೇನು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಮಹನೀಯರು ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಸಾಲಾಗಿ ಕೂತು, ಯಾರ ಮಗಳು ಎಲ್ಲಿ ಕೆಲಸ ಮಾಡುತ್ತಾಳೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ವಿಚಾರಣೆ ನಡೆಸುತ್ತಾರೆ. ಆ ಬೆಂಚಿಗೆ ಹೆದರಿಯೇ ಶಾಂತಕ್ಕ ಲೇಬಲ್ ಕೆರೆಯುತ್ತಿದ್ದದ್ದು.

ಶಾಂತಕ್ಕ ಗಂಡ ಹೋದ ಮೇಲೆ ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರಿ ಒಬ್ಬಳೇ ಮಗಳನ್ನು ಓದಿಸಿದವಳು. ಆ ಮಗಳು ಭಾಗ್ಯಾ, ನನ್ನದೇ ಶಿಷ್ಯೆ. ತರಗತಿಯಲ್ಲಿ ಎದ್ದು ನಿಂತು ಮಾತಾಡು ಎಂದರೆ ಗಂಟೆ ಬಾರಿಸಿದರೂ ನಿಲ್ಲಿಸದವಳು. ಆ ಬಾಯಿಗೆ ತಕ್ಕ ಕೆಲಸವೇ ಅವಳಿಗೆ ಸಿಕ್ಕಿತು. ಟಿಕೋಟಾದ ಕಡೆ ವೈನಿನ ತೋಟಗಳನ್ನು ನೋಡಲು ಬರುವ ಪ್ರವಾಸಿಗಳಿಗೆ ತೋಟ ಸುತ್ತಿಸಿ, ವೈನಿನ ರುಚಿ ತೋರಿಸುವ ಗೈಡು. ಆ ಖಾಲಿ ಬಾಟಲಿಗಳು ಬರುತ್ತಿದ್ದದ್ದು ಅಲ್ಲಿಂದಲೇ. ಶಾಂತಕ್ಕ ಓಣಿಗೆಲ್ಲ ಹೇಳಿದ್ದು ಬೇರೆ: ಮಗಳು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಆಫೀಸರು. ವರನ ಕಡೆಯವರು ಬಂದಾಗಲೂ ಇದೇ ಮಾತು. ಒಂದು ದಿನ ಅಂಥವರ ಎದುರಿಗೇ ಭಾಗ್ಯಾ ಒಳಗಿಂದ ಎದ್ದು ಬಂದು ನಿಜ ಹೇಳಿಬಿಟ್ಟಳು. ಅವರು ಚಹಾದ ಕಪ್ಪು ಅರ್ಧಕ್ಕೇ ಇಟ್ಟು ಎದ್ದರು. ತಾಯಿಮಗಳಿಗೆ ಜಗಳವಾಯಿತು. ಮಗಳು ಟಿಕೋಟಾದಲ್ಲಿ ಒಂದು ರೂಮು ಹಿಡಿದು ಹೋದಳು.

ಹೋಗುವಾಗ ಅವಳು ಹೇಳಿದ ಮಾತನ್ನು ಶಾಂತಕ್ಕ ನನ್ನ ಹೊಸ್ತಿಲಲ್ಲಿ ಕೂತು ಅಳುತ್ತ ಒಪ್ಪಿಸಿದಳು. “ಒಮ್ಮೆರ ಬಂದು ನಾ ಮಾಡೂ ಕೆಲಸ ಕಣ್ಣಿಲೆ ನೋಡವ್ವ. ನೋಡಿ ಮ್ಯಾಲೂ ನಿನಗ ನಾಚಿಕಿ ಬಂದ್ರ ಆ ಮಾತು ಬ್ಯಾರೆ. ನೋಡಲಾರದ ಸುಳ್ಳ ಹೇಳ್ಕೋಂತ ಕುಂತ್ರ ನಾ ಯುಗಾದಿಗೂ ಮನಿಗೆ ಬರಂಗಿಲ್ಲ ಅಂದ್ಳ್ರಿ ಅಕ್ಕೋರ.” ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡು, “ನೀವೂ ಬರ್ರಲ್ಲ, ನನಗೊಬ್ಬಾಕಿಗೆ ಧೈರ್ಯ ಸಾಲಂಗಿಲ್ಲ” ಅಂದಳು. ಹೋಗುವುದಕ್ಕೂ ಅವಳದೊಂದು ಕರಾರಿತ್ತು. ಶಾಂತಕ್ಕ ತನ್ನ ತಾಯಿ ಎಂದು ಭಾಗ್ಯಾ ಅಲ್ಲಿ ಯಾರಿಗೂ ಹೇಳಬಾರದು. ಫೋನಿನಲ್ಲಿ ಭಾಗ್ಯಾ “ಆಗ್ಲಿ” ಎಂದಳಂತೆ.

ಹೀಗೆ ಎರಡು ವರ್ಷದ ಹಿಂದೆ, ದ್ರಾಕ್ಷಿ ಕಟಾವಿನ ದಿನಗಳಲ್ಲಿ, ನಾನು ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಚಪಾತಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಂಡು ವೈನಿನ ರುಚಿ ನೋಡಲು ಹೊರಟೆ. ಊರಿನಲ್ಲಿ ವ್ಯಾನು ಹತ್ತುವಾಗ ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು. ಕಪ್ಪು ಪ್ಯಾಂಟು, ಬಿಳಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. “ಬರ್ರಿ ಅಮ್ಮಾರ, ಕಿಟಕಿ ಕಡೆ ಕೂಡ್ರಿ” ಎಂದು ಹೆತ್ತ ತಾಯಿಗೆ ಹೇಳಿದಳು. “ಹೂಂನ್ರಿ ಮೇಡಂ” ಎಂದು ಹೆತ್ತ ತಾಯಿ ಕೂತಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ವ್ಯಾನಿನಲ್ಲಿ ಉಳಿದವರು ಬೆಂಗಳೂರಿನಿಂದ ಗೋಳಗುಮ್ಮಟ ನೋಡಲು ಬಂದು, ಉಳಿದೊಂದು ದಿನವನ್ನು ಹೇಗೆ ಕಳೆಯುವುದೆಂದು ತಿಳಿಯದೆ ಇಲ್ಲಿ ಬಿದ್ದವರು. ಅವರಲ್ಲೊಬ್ಬ ಹ್ಯಾಟಿನ ಮನುಷ್ಯ. ವ್ಯಾನು ಟಿಕೋಟಾ ದಾಟುವ ಮೊದಲೇ, ತಾನು ಯಾವ ಯಾವ ದೇಶದಲ್ಲಿ ಏನೇನು ಕುಡಿದೆ ಎಂದು ಎಲ್ಲರಿಗೂ ತಿಳಿಸಿಯಾಗಿತ್ತು. ಘೋಣಸಗಿ ಹಳ್ಳಿಯ ಹತ್ತಿರದ ತೋಟದಲ್ಲಿ ಇಳಿದಾಗ ಅವನ ಹೆಂಡತಿ, “ಥೇಟ್ ಇಟಲಿ ಥರ ಇದೆ ಅಲ್ವಾ!” ಅಂದಳು. ನಾನು ಸುತ್ತ ನೋಡಿದೆ. ಒಂದು ಕಡೆ ಕೊಯ್ದ ಜೋಳದ ಕೂಳೆ, ಇನ್ನೊಂದು ಕಡೆ ಜಾಲಿ, ನೆತ್ತಿಯ ಮೇಲೆ ನಮ್ಮ ಬಿಸಿಲು. ಇಟಲಿಯವರ ಪಾಡು ಇಷ್ಟು ಕಷ್ಟದ್ದು ಎಂದು ನನಗೆ ಗೊತ್ತಿರಲಿಲ್ಲ.

ತೋಟದ ಬಾಗಿಲಲ್ಲಿ ಹೊಚ್ಚಹೊಸ ಬಂಡಿಯ ಗಾಲಿಯೊಂದನ್ನು ಗೋಡೆಗೆ ಜಡಿದಿದ್ದರು. ಅದು ಹುಟ್ಟಿದಾಗಿನಿಂದ ಒಂದು ಮಾರು ಉರುಳಿದ್ದಲ್ಲ. ಒಳಗೆ ಒಂದು ದೊಡ್ಡ ಟಬ್ಬಿನ ತುಂಬ ದ್ರಾಕ್ಷಿ ಸುರಿದು ಪ್ರವಾಸಿಗಳನ್ನು ಅದರಲ್ಲಿ ಕುಣಿಸುತ್ತಿದ್ದರು. ಪ್ಯಾಂಟು ಮೊಳಕಾಲಿಗೆ ಏರಿಸಿಕೊಂಡು, ಹೋ ಎಂದು ಕೂಗುತ್ತ, ದುಡ್ಡು ಕೊಟ್ಟು ದ್ರಾಕ್ಷಿ ತುಳಿಯುವ ದೊಡ್ಡ ಮನುಷ್ಯರನ್ನು ನಾನು ಮೊದಲ ಸಲ ಕಂಡೆ. ಶಾಂತಕ್ಕ ನನ್ನ ಕಿವಿಯಲ್ಲಿ, “ಕಾಲಾದ್ರೂ ತೊಳಕೊಂಡಾರೇನ್ರಿ?” ಎಂದು ಕೇಳಿದಳು. ಆ ರಸವನ್ನು ವೈನಿಗೆ ಹಾಕುವುದಿಲ್ಲ, ಬರೀ ಫೋಟೋಕ್ಕೆ, ಎಂದು ಭಾಗ್ಯಾ ಹೇಳಿದ ಮೇಲೆ ಅವಳಿಗೆ ಇನ್ನೂ ಸಂಕಟವಾಯಿತು. “ಅಂದ್ರ ಇಷ್ಟೂ ಹಣ್ಣು ಹಾಳೇನ್ರಿ ಮೇಡಂ?” ಮೇಡಂ ಎಲ್ಲರನ್ನೂ ವ್ಯಾನಿನ ಕಡೆ ನಡೆಸಿದಳು.

ಆಮೇಲೆ ಬಬಲೇಶ್ವರದ ದಾರಿ ಹಿಡಿದು ಜೈನಾಪುರದ ಕಡೆಯ ಇನ್ನೊಂದು ತೋಟಕ್ಕೆ ಹೋದೆವು. ಅದು ಸಿಹಿ ವೈನಿನ ತೋಟ. ಗೊಂಚಲನ್ನು ಬಳ್ಳಿಯ ಮೇಲೇ ಬಾಡಲು ಬಿಟ್ಟು, ಅರ್ಧ ಒಣಗಿದ ಮೇಲೆ ಹಿಂಡುತ್ತಾರಂತೆ. ನೀರು ಕಡಿಮೆಯಾಗಿ ಸಿಹಿ ಉಳಿಯುತ್ತದಂತೆ. ತಣ್ಣಗಿನ ಹಜಾರದಲ್ಲಿ ಉದ್ದನೆಯ ಮೇಜು, ಅದರ ಮೇಲೆ ಕಡ್ಡಿಯಂಥ ಕಾಲಿನ ಗ್ಲಾಸುಗಳು, ತಲೆಗೊಂದು ಚೂರು ಚೀಸು. ಮೇಜಿನ ಆ ತುದಿಯಲ್ಲಿ ಹೊಳೆಯುವ ಒಂದು ಬಕೀಟು. ಭಾಗ್ಯಾ ಎಲ್ಲರ ಗ್ಲಾಸಿಗೂ ತಾನೇ ಎರಡೆರಡು ಗುಟುಕು ಬಗ್ಗಿಸಿದಳು. ಗ್ಲಾಸು ತಿರುಗಿಸಿರಿ, ಮೂಗು ಒಳಗಿಟ್ಟು ವಾಸನೆ ನೋಡಿರಿ, ನಾಲಿಗೆಯ ಮೇಲೆ ಆಡಿಸಿರಿ, ಬೇಡವಾದವರು ಬಕೀಟಿಗೆ ಉಗುಳಬಹುದು ಎಂದಳು.

ಎಲ್ಲರೂ ಗ್ಲಾಸಿಗೆ ಮೂಗು ತುರುಕಿದರು. ಒಬ್ಬಳಿಗೆ ಜೇನು ಬಂತು. ಒಬ್ಬನಿಗೆ ಲೀಚಿ ಬಂತು. ಹ್ಯಾಟಿನವನಿಗೆ ಮಳೆಯಲ್ಲಿ ತೋಯ್ದ ಕಲ್ಲು ಬಂತು. ನಾನೂ ಮೂಗಿಟ್ಟೆ. ನನಗೆ ಬಂದದ್ದು ದ್ರಾಕ್ಷಿ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡಿ ನಾನಲ್ಲ. ಒಂದು ಗುಟುಕು ಕುಡಿದೆ. ಸಿಹಿಯಾಗಿತ್ತು, ತಂಪಾಗಿತ್ತು, ಗಂಟಲಲ್ಲಿ ಸ್ವಲ್ಪ ಬಿಸಿಯಾಗಿ ಇಳಿಯಿತು. ನನಗೆ ಬಹಳ ಹಿಡಿಸಿತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಇನ್ನೊಂದು ಗುಟುಕು ಸಿಗುತ್ತದೋ ಎಂದು ಗ್ಲಾಸನ್ನು ಮೇಜಿನ ತುದಿಗೆ ಸರಿಸಿದ್ದೂ ಉಂಟು.

ಶಾಂತಕ್ಕ ಮಾತ್ರ ಗ್ಲಾಸು ಮುಟ್ಟಿರಲಿಲ್ಲ. ಹೊರಡುವಾಗಲೇ ವಾಸನೆಯನ್ನೂ ನೋಡುವುದಿಲ್ಲ ಎಂದು ಆಣೆ ಇಟ್ಟು ಬಂದವಳು. ಅವಳ ಕಣ್ಣು ಬಕೀಟಿನ ಮೇಲಿತ್ತು. ಹ್ಯಾಟಿನವನು ಬಾಯಲ್ಲಿ ಗುಳುಗುಳು ಮಾಡಿ, ಬಗ್ಗಿ, ಪುಚಕ್ಕೆಂದು ಉಗುಳಿದ. ಅವನ ಹಿಂದೆ ಅವನ ಹೆಂಡತಿ. ಅವಳ ಹಿಂದೆ ಮತ್ತೊಬ್ಬ. ಊರ ಮಂದಿಗೆ ರೊಟ್ಟಿ ಬಡಿದು ಬದುಕಿದ ಹೆಂಗಸು ಆಕೆ. ಮಗಳು ತನ್ನ ಕೈಯಾರೆ ಬಗ್ಗಿಸಿ ಕೊಟ್ಟದ್ದನ್ನು ಒಬ್ಬೊಬ್ಬರಾಗಿ ಬಂದು ಉಗುಳುವುದನ್ನು ಅವಳು ನೋಡಿದಳು. ಅವಳ ಮುಖ ಕೆಂಪಾಯಿತು. ಸರಕ್ಕನೆ ತನ್ನ ಮುಂದಿನ ಗ್ಲಾಸು ಎತ್ತಿಕೊಂಡಳು.

ಮಾರುವ ಅಡುಗೆ ಮಾಡುವವಳಾದ್ದರಿಂದ ಎಂಜಲಿನ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ನೀರಾಗಲಿ ಚಹಾ ಆಗಲಿ, ತುಟಿಗೆ ತಾಗಿಸುವುದಿಲ್ಲ, ಎತ್ತಿಯೇ ಕುಡಿಯುತ್ತಾಳೆ. ಇಲ್ಲಿಯೂ ಹಾಗೇ ಮಾಡಿದಳು. ತಲೆ ಹಿಂದಕ್ಕೆ ಚೆಲ್ಲಿ, ಆ ಕಡ್ಡಿಕಾಲಿನ ಗ್ಲಾಸನ್ನು ಗೇಣೆತ್ತರ ಹಿಡಿದು ಬಾಯಿಗೆ ಸುರಿದುಕೊಂಡಳು. ತಂಬಿಗೆಯಾಗಿದ್ದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಆ ಅಗಲ ಬಾಯಿಯ ಗ್ಲಾಸು ಮೋಸ ಮಾಡಿತು. ಅರ್ಧ ಬಾಯಿಗೆ, ಅರ್ಧ ಸೆರಗಿಗೆ.

ಮೇಜಿನ ಸುತ್ತ ಕಿಸಕ್ಕೆಂದು ನಗೆ ಎದ್ದಿತು. ಒಬ್ಬಳು ಫೋನು ಎತ್ತಿ ಹಿಡಿದಳು. ಹ್ಯಾಟಿನವನು, “ವೈನ್ ಅಂದ್ರೆ ಹಾಗೆಲ್ಲ ಕುಡಿಯೋದಲ್ಲಮ್ಮ. ಇಂಥವರನ್ನೆಲ್ಲ ಯಾಕ್ರೀ ಟೂರಿಗೆ ಸೇರಿಸ್ಕೋತೀರಿ?” ಎಂದು ಭಾಗ್ಯಾಳನ್ನು ಕೇಳಿದ. ನಾನು ಅವನಿಗೆ ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾಗ್ಯಾ ಒಂದು ಗ್ಲಾಸಿಗೆ ಬಗ್ಗಿಸಿ, ತಲೆ ಹಿಂದೆ ಹಾಕಿ, ತಾಯಿಯಂತೆಯೇ ಎತ್ತಿ ಕುಡಿದಳು. ಬಿಳಿ ಅಂಗಿಯ ಮೇಲೆ ವೈನು ಇಳಿಯಿತು. “ನಮ್ಮ ಕಡೆ ಹಿಂಗೂ ಕುಡೀತಾರ್ರಿ ಸರ್” ಅಂದಳು. ಕೊಟ್ಟ ಮಾತಿನಂತೆ ಅದಕ್ಕಿಂತ ಹೆಚ್ಚಿನದೇನೂ ಹೇಳಲಿಲ್ಲ.

ಹ್ಯಾಟಿನವನು ನಕ್ಕ. “ಓಹೋ, ಇದನ್ನೇನಾ ನಿಮ್ಮನೇಲಿ ಕಲಿಸಿದ್ದು?”

“ಹೂಂನ್ರಿ” ಎಂದು ಶಾಂತಕ್ಕ ಎದ್ದು ನಿಂತಳು. ದನಿ ಜೋರಾಗಿತ್ತು. “ನಾನ ಕಲಿಸೀನಿ. ಇಕಿ ನನ್ನ ಮಗಳು. ಇಕಿ ಕೈಯಾರೆ ಹಾಕಿ ಕೊಟ್ಟಿದ್ದನ್ನ ನೀವು ಬಕೀಟಿನ್ಯಾಗ ಉಗಳಾಕತ್ತೀರಿ. ಅದೊಂದ್ ನಮ್ಮ ಮನ್ಯಾಗ ಕಲಿಸಿಲ್ಲ.”

ಫೋನು ಎತ್ತಿದವಳು ಇಳಿಸಿದಳು. ಭಾಗ್ಯಾ ಬೆನ್ನು ತಿರುಗಿಸಿ, ಇದ್ದಲ್ಲೇ ಇದ್ದ ಬಾಟಲಿಗಳನ್ನು ಸುಮ್ಮನೆ ಆಚೆಗೊಂದು ಈಚೆಗೊಂದು ಸರಿಸಿದಳು. ಕೊನೆಗೆ ಒಂದು ಕರವಸ್ತ್ರ ತಂದು ತಾಯಿಯ ಮುಂದೆ ಹಿಡಿದು, “ಅವ್ವಾ, ಸೆರಗ ಒರಸ್ಕೋ” ಅಂದಳು. ಆ ದಿನ ಅವಳ ಬಾಯಲ್ಲಿ ಅವ್ವಾ ಎಂಬ ಮಾತು ಬಂದದ್ದು ಅದೇ ಮೊದಲು. ನಾನು ಕಣ್ಣೊರೆಸಿಕೊಂಡೆ. ವೈನಿನ ಕಾರಣಕ್ಕೆ ಎಂದು ಯಾರಾದರೂ ತಿಳಿದುಕೊಂಡಿದ್ದರೆ ತಿಳಿದುಕೊಳ್ಳಲಿ.

ಆಮೇಲೆ ನಡೆದದ್ದು ಪೂರಾ ತಮಾಷೆ. ಇದೂ ಟೂರಿನ ಒಂದು ಭಾಗವೇ ಎಂದು ಯಾರೋ ತಿಳಿದರೆಂದು ಕಾಣುತ್ತದೆ, ಒಬ್ಬೊಬ್ಬರಾಗಿ ಎತ್ತಿ ಕುಡಿಯಲು ಶುರು ಮಾಡಿದರು. ಘೋಣಸಗಿಯಲ್ಲಿ ಇಟಲಿ ಕಂಡ ಹೆಂಗಸಿನ ಮೂಗಿಗೇ ಹೋಯಿತು. ಹ್ಯಾಟಿನವನು ಮಾತ್ರ ಅದರ ಗೊಡವೆಗೆ ಹೋಗದೆ ಚೀಸು ತಿನ್ನುತ್ತ ಕೂತ. ನಾವು ಚಪಾತಿ ಬಿಚ್ಚಿದಾಗ ಅವನ ಹೆಂಡತಿ ಬಂದು ಚಟ್ನಿ ಕೇಳಿದಳು. ಶಾಂತಕ್ಕ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಬರುವಾಗ ಶಾಂತಕ್ಕ ಒಂದು ಖಾಲಿ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಲೇಬಲ್ಲಿನ ಮೇಲೆ ಬೆರಳಾಡಿಸುತ್ತ, “ಚಿತ್ರ ಚಂದ ತಗದಾರಲ್ರಿ ಅಕ್ಕೋರ” ಎಂದಳು. ಆ ಯುಗಾದಿಗೆ ಭಾಗ್ಯಾ ಮನೆಗೆ ಬಂದಳು. ಮುಂದೆ ವರನ ಕಡೆಯವರು ಬಂದು ಹುಡುಗಿ ಏನು ಮಾಡುತ್ತಾಳೆ ಎಂದರೆ ಶಾಂತಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಕೆಲವರು ಚಹಾ ಅರ್ಧಕ್ಕೇ ಬಿಡುತ್ತಾರೆ. “ಬಿಡ್ಲಿ ಬಿಡ್ರಿ, ಉಗುಳೂ ಮಂದೀನ ನಾ ನೋಡೀನಿ” ಎನ್ನುತ್ತಾಳೆ. ಬಾಟಲಿಯ ಲೇಬಲ್ ಅಂದಿನಿಂದ ಕೆರೆದಿಲ್ಲ, ಪೇಪರೂ ಸುತ್ತಿಲ್ಲ.

ಆಮೇಲೂ ಪೇಪರು ಸುತ್ತುತ್ತಿದ್ದವಳು ನಾನೊಬ್ಬಳೇ. ಅವಳ ಮನೆಯಿಂದ ರಾಜಾರೋಷವಾಗಿ ಬಂದ ಬಾಟಲಿ ನನ್ನ ಮನೆಯಿಂದ ಹಿಂದಿರುಗುವಾಗ ಮುಸುಕು ಹಾಕಿಕೊಳ್ಳುತ್ತಿತ್ತು. ಬೆಂಚಿನ ಮೇಲಿನವರನ್ನು ಇಷ್ಟೆಲ್ಲ ಆಡಿಕೊಳ್ಳುವ ನನಗೂ ಆ ಬೆಂಚು ದಾಟಬೇಕಲ್ಲ. ಇವತ್ತೂ ಸಾರನ್ನು ಪಾತ್ರೆಗೆ ಬಗ್ಗಿಸಿ, ಬಾಟಲಿ ತೊಳೆದು, ಮಜ್ಜಿಗೆ ತುಂಬಿದ ಮೇಲೆ ಕೈ ತಾನಾಗಿಯೇ ಪೇಪರಿಗೆ ಹೋಯಿತು. ನಿಮಗೆ ಇಷ್ಟೆಲ್ಲ ಹೇಳಿದ ಮೇಲೆ ಅದನ್ನು ಸುತ್ತಲು ಮನಸ್ಸಾಗಲಿಲ್ಲ. ಪೇಪರನ್ನು ಮಡಚಿ ಇಟ್ಟು, ಬಾಟಲಿಯನ್ನು ಲೇಬಲ್ ಹೊರಗೆ ಕಾಣುವಂತೆ ಕತ್ತು ಹಿಡಿದು ಹೊರಟೆ.

ಬೇವಿನ ಗಿಡದ ಕೆಳಗೆ ಬೆಂಚು ತುಂಬಿತ್ತು. ಅವರಲ್ಲಿ ಹಿರಿಯರೊಬ್ಬರು, ಅಂದರೆ ಸ್ಕೂಟರಿಗೆ ಎಲ್ಲರಿಗಿಂತ ದೊಡ್ಡ ಡಿಕ್ಕಿ ಇರುವವರು, ಕನ್ನಡಕ ಏರಿಸಿ, “ಅಕ್ಕೋರ, ಹಬ್ಬದ ಮರುದಿನ ಕೈಯಾಗ ಏನ್ರಿ ಅದು?” ಎಂದರು.

“ವೈನಿನ ಬಾಟಲಿ ರೀ. ನಮ್ಮ ಭಾಗ್ಯಾನ ಕಂಪನೀದು. ಒಳಗ ಮಜ್ಜಿಗಿ ಐತಿ” ಎಂದು ನಾನು ಅಲ್ಲೇ ನಿಂತು ಮುಚ್ಚಳ ತಿರುವಿದೆ. “ಬೇಕಾಗಿತ್ತೇನ್ರಿ? ಬಾಯಿ ತಗೀರಿ, ಎತ್ತಿ ಹಾಕ್ತೇನಿ.”

ಅವರು ಬಾಯಿ ಮುಚ್ಚಿಕೊಂಡರು.