ಮೂಗುದಾರವಿಲ್ಲದ ಪುಸ್ತಕ

ತಮಿಳು ಸೀಮೆಯ ಒಂದು ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡದವರು ನಾವು. ನಮ್ಮವರಲ್ಲಿ ಪೊಂಗಲ್ ದಿನ ಹುಟ್ಟಿದ ಕರುವನ್ನು ದೇವರ ಹಿಂಡಿಗೆ ಬಿಡುತ್ತೇವೆ. ಆಮೇಲೆ ಅದಕ್ಕೆ ಮೂಗುದಾರ ಹಾಕುವಂತಿಲ್ಲ, ನನ್ನದು ಎನ್ನುವಂತಿಲ್ಲ. ಆ ಹಿಂಡಿನ ಹಸುಗಳ ಹೆಸರು, ವಂಶ ಎಲ್ಲ ನಮ್ಮಜ್ಜಿಗೆ ಬಾಯಿಪಾಠ. ನಾನು ಚಿಕ್ಕವನಿದ್ದಾಗ ವಿದೇಶದ ವಿದ್ವಾಂಸರೊಬ್ಬರು ಗೂಡಲೂರಿನ ನಮ್ಮ ಜಗಲಿಯಲ್ಲಿ ಕೂತು ಅದನ್ನೆಲ್ಲ ಬರೆದುಕೊಂಡು ಹೋದರು. ಪುಸ್ತಕ ಬಂದಿದೆ ಎಂದು ಕೇಳಿದೆವು, ಅಷ್ಟೇ. ಕಣಿವೆಯಲ್ಲಿ ಒಬ್ಬರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ನಾನು ಅಲ್ಲಿನದೇ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾದ ಮೇಲೂ ತರಿಸಲಾಗಲಿಲ್ಲ, ಅಷ್ಟು ದುಬಾರಿ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ದಿಂಡಿಗಲ್ಲಿನ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಅದು ಸಿಕ್ಕಿತು. ಪ್ರಕಟಿಸಿದ ವಿಶ್ವವಿದ್ಯಾಲಯವೇ ಇಡೀ ಪುಸ್ತಕವನ್ನು ಪುಕ್ಕಟೆಯಾಗಿ ತೆರೆದಿಟ್ಟಿತ್ತು. ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ಹಂಚಬಹುದು. ನಾಲ್ಕು ಶನಿವಾರ ಬಸ್ಸಿನಲ್ಲಿ ಓಡಾಡಿ ಪುಟಪುಟವಾಗಿ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿದೆ. ಮದುರೆಯಲ್ಲೂ ಸಿಗದ ಪುಸ್ತಕ ನಮ್ಮಲ್ಲಿದೆ ಎಂದು ಎದೆ ಉಬ್ಬಿತು. ಆ ಉಬ್ಬಿನಲ್ಲೇ ‘ಹೊರಗೆ ಕೊಡುವುದಿಲ್ಲ’ ಎಂಬ ಮುದ್ರೆ ಒತ್ತಿ, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗ್ರಂಥಪಾಲಕರ ಹುಟ್ಟುಗುಣ, ಏನು ಮಾಡುವುದು.

ವಿಷಯ ತಿಳಿದು ಅಜ್ಜಿ ನೋಡಲು ಬಂದಳು. ಗಾಜಿನ ಮೇಲೆ ಕೈಯಿಟ್ಟು ಕೇಳಿದಳು:

“ಇದು ಯಾರ್ದು, ಸಾಮಿ?”

“ಎಲ್ಲಾರ್ದೂ, ಅವ್ವಾ. ಯಾರ್ ಬೇಕಾದ್ರೂ ಓದ್ಲಿ ಅಂತ ಬಿಟ್ಟವ್ರೆ.”

“ಅವ್ರು ಬಿಟ್ಟವ್ರೆ, ನೀ ಪೂಟು ಹಾಕಿದ್ದೀಯೆ. ದೇವ್ರ ದನಕ್ಕೆ ಯಾರಾನ ಮೂಗುದಾರ ಹಾಕ್ತಾರಾ?”

ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬೀಗ ತೆಗೆದು ಪುಸ್ತಕವನ್ನು ಅವಳ ಕೈಗಿತ್ತೆ. ಇನ್ನೊಂದು ಪ್ರತಿ ತೆಗೆಯಲೂ ಪುರುಸೊತ್ತು ಕೊಡದೆ, ಅಕ್ಷರ ಬಾರದ ಮುದುಕಿ ಅದನ್ನು ಕಂಕುಳಲ್ಲಿಟ್ಟುಕೊಂಡು ಟೌನ್ ಬಸ್ ಹತ್ತಿದಳು.

ಆರು ತಿಂಗಳು ಅದು ಮನೆಯಿಂದ ಮನೆಗೆ ಓಡಾಡಿತು. ಓಡೈಪಟ್ಟಿಯ ದ್ರಾಕ್ಷಿ ತೋಟಗಳಿಗೂ ಹೋಗಿ ಬಂತು. ಇಂಗ್ಲಿಷ್ ಬಲ್ಲ ಮಕ್ಕಳು ಓದಿ ಹೇಳಿದರಂತೆ. ವಾಪಸು ಬಂದಾಗ ರಟ್ಟು ಕಿತ್ತಿತ್ತು, ಅಂಚುಗಳ ತುಂಬ ಪೆನ್ಸಿಲ್ ಬರಹ. ವಿದ್ವಾಂಸರು ಬರೆಯದೆ ಬಿಟ್ಟಿದ್ದ ಹಸುಗಳ ಹೆಸರುಗಳನ್ನು ನಮ್ಮವರು ಸೇರಿಸಿದ್ದರು. ಮಾತು ನಮ್ಮ ಮನೆಯ ಕನ್ನಡ, ಅಕ್ಷರ ಮಾತ್ರ ತಮಿಳು, ಕನ್ನಡ ಅಕ್ಷರ ನಮಗ್ಯಾರಿಗೂ ಬರುತ್ತಿರಲಿಲ್ಲ.

ಆಮೇಲೆ ಆ ಬೀರುವಿಗೆ ಬೀಗ ಹಾಕಲಿಲ್ಲ. ನನ್ನ ಗ್ರಂಥಾಲಯದಲ್ಲಿ ಅಷ್ಟು ಹರಿದ ಪುಸ್ತಕ ಇನ್ನೊಂದಿರಲಿಲ್ಲ, ಬಂದವರಿಗೆಲ್ಲ ನಾನು ಹೆಮ್ಮೆಯಿಂದ ತೋರಿಸುತ್ತಿದ್ದುದೂ ಅದನ್ನೇ. ಆ ಅಂಚಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಬೇಕೆಂದು, ತಲೆ ನರೆಯತೊಡಗಿದ ಮೇಲೆ, ಕನ್ನಡ ಅಕ್ಷರ ಕಲಿತೆ.